ಎಷ್ಟು ಸೆಂಟು?

ಬೆಳಿಗ್ಗೆ ಎಂಟೂವರೆಗೆ ಫೋನು.
ಎದುರು ತೋಟದ ಚಿಟ್ಟಿಯಪ್ಪ.
"ರೈಟರಮ್ಮಾ, ನಿಮ್ಮಲ್ಲಿ ಎಷ್ಟು ಸೆಂಟು?"
ಹೇಗಿದ್ದೀರಿ ಎನ್ನುವುದಿಲ್ಲ, ತಿಂಡಿಯಾಯಿತೇ ಎನ್ನುವುದಿಲ್ಲ.
ಅಮ್ಮತ್ತಿಯಿಂದ ಸಿದ್ದಾಪುರದವರೆಗೆ
ಎಲ್ಲರ ಅಂಗಳದ ಮಳೆಯೂ ಗೊತ್ತು ಅವರಿಗೆ.
ನನ್ನದೊಂದು ಮಾತ್ರ ಜೂನ್‌ನಿಂದ ಗೊತ್ತಿಲ್ಲ.
ಆದರೂ ಕೇಳುತ್ತಾರೆ,
ಜನವರಿಯಲ್ಲಿ, ಒಂದು ತುಣುಕು ಮೋಡವಿಲ್ಲದ ದಿನವೂ.

ಮಳೆ ಪುಸ್ತಕದಲ್ಲಿ
ಜೂನ್ ಹನ್ನೊಂದರವರೆಗೆ ಉತ್ತಯ್ಯನ ಅಕ್ಷರ.
ಏಳಕ್ಕೆ ಸೊಂಟದಲ್ಲೊಂದು ಗೆರೆ ಎಳೆಯುತ್ತಿದ್ದ,
ಒಂದೆಂದು ತಿಳಿದೀರಿ ಜೋಕೆ, ಎನ್ನುವ ಹಾಗೆ.
ಹನ್ನೊಂದು ವರ್ಷದ ಏಳುಗಳು.
ಹನ್ನೆರಡನೇ ತಾರೀಖಿನಿಂದ ಖಾಲಿ.
ಇಡೀ ಕೊಡಗಿನಲ್ಲಿ
ಜುಲೈಯನ್ನು ಖಾಲಿ ಬಿಟ್ಟವಳು ನಾನೊಬ್ಬಳೇ ಇರಬೇಕು.
ಸುರಿಯಲಿಲ್ಲವೆಂದಲ್ಲ.
ಹಾಸಿಗೆಯಲ್ಲಿ ಬಿದ್ದುಕೊಂಡು ಕೇಳಿದೆ,
ಕ್ವಾರ್ಟರ್ಸಿನ ಶೀಟಿನ ಮೇಲೆ,
ಯಾರದೋ ಮನೆ ಮೇಲೆ ಬೀಳುವಂತೆ.

ಮದುವೆಯಾಗಿದ್ದರೆ ಒಂದು ಕಾಗದವಿರುತ್ತಿತ್ತು,
ವಿರಾಜಪೇಟೆ ಕೋರ್ಟಿನ ಮುದ್ರೆ ಬಿದ್ದದ್ದು.
ಸತ್ತಿದ್ದರೆ ಮಾದ ಮಾಡುತ್ತಿದ್ದರು,
ಅಂಗಳದ ಹೊರಗೆ ನಿಂತಾದರೂ ಅಳುತ್ತಿದ್ದೆ.
ಅವನು ಹೋದದ್ದು ಬಾಡಿಗೆ ಜೀಪಿನಲ್ಲಿ.
ಎರಡು ಪೆಟ್ಟಿಗೆ, ಒಂದು ಮಿಕ್ಸಿ.
ಮಿಕ್ಸಿ ಅವನದೇ. ಜಾರು ಒರೆಸಿ ಕೊಟ್ಟವಳು ನಾನೇ.
ಮುಚ್ಚಳ ಇಲ್ಲೇ ಉಳಿಯಿತು.
ಆಮೇಲೆ ಸಂತೆಯಲ್ಲಿ ಸಿಕ್ಕವರು
ಏನೆಂದು ಕೇಳಬೇಕೋ ತಿಳಿಯದೆ
ಟೊಮೆಟೊ ರೇಟು ಹೇಳಿ ಹೋದರು.

ಮಡಿಕೇರಿಯ ಡಾಕ್ಟರು ಕೇಳಿದರು:
ನಿದ್ದೆ? ಹಸಿವು? ಮನಸ್ಸು ಹತ್ತರಲ್ಲಿ ಎಷ್ಟು?
ಬಾಯಿಗೆ ಬಂದದ್ದು, ಮೂರು ಸೆಂಟು.
ಕಲಬುರಗಿ ಕಡೆಯವರು ಪಾಪ,
"ಸೆಂಟು ಅಂದ್ರೆ ಜಾಗ ಅಲ್ಲೇನ್ರಿ?" ಅಂದರು.
ಜಾಗವೇ ಸರ್, ಅಷ್ಟರಲ್ಲೇ ಇದ್ದೇನೆ, ಅಂದೆ.
ಪೆನ್ನು ಕೆಳಗಿಟ್ಟು ಒಮ್ಮೆ ನೋಡಿದರು.
ರಾತ್ರಿಗೆ ಅರ್ಧ ಮಾತ್ರೆ.
ನಾಟಲು ಮೂರು ವಾರ ಬೇಕಂತೆ.
ಮೆಣಸಿನ ಬಳ್ಳಿಗಿಂತ ಬೇಗ.

ಒಂದು ದಿನ ಚಿಟ್ಟಿಯಪ್ಪನಿಗೆ ಸುಳ್ಳು ಹೇಳಿದೆ,
ಕಿಟಕಿಯನ್ನೂ ತೆರೆಯದೆ: ನಲವತ್ತು.
ಆ ಕಡೆ ತುಸು ಹೊತ್ತು ಸದ್ದಿಲ್ಲ.
"ನಮ್ಮಲ್ಲಿ ಒಂದು ಹನಿಯೂ ಇಲ್ಲವಲ್ಲ.
ನಡುವೆ ಇರುವುದು ಒಂದು ತೋಡು."
ಬೈಯಲಿಲ್ಲ. "ನಾಳೆ ನೋಡಿ ಹೇಳಿ."

ಅಂಗಳದ ತುದಿಗೆ ಮೂವತ್ತು ಹೆಜ್ಜೆ.
ಚಪ್ಪಲಿ ಹುಡುಕುವುದಕ್ಕೇ ಕಾಲು ಗಂಟೆ.
ಆಲಿಕೆಯಲ್ಲಿ ಜೇಡ ಬಲೆ ನೇಯ್ದಿತ್ತು.
ಸಿಲ್ವರ್ ಓಕಿನ ಎಲೆ, ಇರುವೆಯ ಹೆಣ,
ಒಳಗೆ ಬಾಟಲಿ ತುಂಬ ಹೋದ ವರ್ಷದ ಹಸಿರು ನೀರು.
ಅದರಲ್ಲಿ ಯಾವ ದಿನದ್ದು ಎಷ್ಟೆಂದು
ಇನ್ನು ಯಾವ ಲೆಕ್ಕದವನೂ ಬಿಡಿಸಲಾರ.
ಚೆಲ್ಲಿದೆ. ತೊಳೆದೆ.
ಅಷ್ಟಕ್ಕೇ ಸುಸ್ತಾಗಿ ಕಲ್ಲಿನ ಮೇಲೆ ಕೂತೆ.

ಏನೂ ಇಲ್ಲ, ಅಂದೆ ಫೋನಿನಲ್ಲಿ.
"ಸೊನ್ನೆ ಅಂತ ಬರೆದುಕೊಳ್ಳಿ.
ಖಾಲಿ ಬಿಟ್ಟರೆ ಮುಂದೆ ನೋಡುವವರಿಗೆ ಗೊತ್ತಾಗುವುದಿಲ್ಲ."

ಬರೆದೆ. ನನ್ನ ಕೈಯಕ್ಷರದ ಮೊದಲ ಸೊನ್ನೆ
ಹಲಸಿನ ಬೀಜದಂತೆ ಸೊಟ್ಟ.
ಫೆಬ್ರವರಿ ಪೂರ್ತಿ ಸೊನ್ನೆ.
ಏಳಲಾಗದ ಐದಾರು ದಿನ ಖಾಲಿಯೇ ಇವೆ,
ಆಮೇಲೆ ತುಂಬಿಸಲಿಲ್ಲ.

ಮಾರ್ಚ್ ಒಂಬತ್ತಕ್ಕೆ ಹದಿನೆಂಟು ಸೆಂಟು.
ಯಾರಿಗೂ ಬೇಡದ ಮಳೆ.
ಮೊಗ್ಗು ಅರ್ಧ ನೆನೆದು, ಅರಳಲೂ ಆಗದೆ
ಕೆಂಪಗೆ ಸುಟ್ಟು ನಿಲ್ಲುತ್ತದೆ.
ಬಾರದಿದ್ದರೇ ವಾಸಿಯಿತ್ತು, ಅಂದರು ಎಲ್ಲ ತೋಟದವರು.
ಅದೇ ರಾತ್ರಿ ಉತ್ತಯ್ಯನ ಮೆಸೇಜು:
ಚೆನ್ನಾಗಿದ್ದೀಯಾ?

ಮತ್ತೆ ಮೂರು ದಿನ ಹಾಸಿಗೆ.

ನಾಲ್ಕನೆಯ ದಿನ, ಎಂಟೂವರೆ.
"ಎಷ್ಟು ಸೆಂಟು?"
ನೋಡಿಲ್ಲ, ಅಂದೆ. ಅದು ನಿಜ.
"ಸರಿ. ನೋಡಿ ಬನ್ನಿ."
ಫೋನ್ ಇಡಲಿಲ್ಲ ಅವರು.
ಹಿಂದೆ ಅವರ ಮನೆಯ ರೇಡಿಯೋ, ಗದರಿಸಿಕೊಂಡ ನಾಯಿ,
ಲೋಟಕ್ಕೆ ಕಾಫಿ ಬೀಳುವ ಸದ್ದು.
ಮಂಚದ ಕೆಳಗೆ ಬಗ್ಗಿ ತಡಕಾಡಿದೆ.
ಒಂದು ಚಪ್ಪಲಿ ಸಿಕ್ಕಿತು.