ಲಿಂಬಿಯ ಜಾಗದಲ್ಲಿ

ಐದನೇತ್ತದಾಗ ನಮಗೆ ತಲೆಗೊಂದು ಗಿಡ,
ಗಿಡಕ್ಕೊಂದು ತಗಡಿನ ಚೀಟಿ,
ಮೊಳೆಯಿಂದ ಕೊರೆದ ಹೆಸರು:
ದಾಕ್ಷಾಯಿಣಿ ಗ. ಹೂಲಗೇರಿ. ಲಿಂಬಿ.

ಮುರನಾಳ ಅಕ್ಕೋರು ದಿನಾ ಪ್ರಾರ್ಥನೆ ಮುಗಿದ ಮೇಲೆ
ಒಂದೇ ಮಾತು ಕೇಳುತ್ತಿದ್ದರು: ನೀರು ಹಾಕೀರೇನು?
ಹಾಕೇವ್ರೀ ಅಕ್ಕೋರೆ.
ನಾವು ನಲವತ್ತೊಂದು ಮಂದಿ, ಒಂದೇ ಗಂಟಲು.
ಪ್ರಶ್ನೆಯೇ ಉತ್ತರದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ಕಾಲ.
ಪುಸ್ತಕದಲ್ಲಿ ಪೆನ್ಸಿಲಿನ ಕಂಸ: ಇಲ್ಲಿಂದ ಇಲ್ಲೀತನಕ.
ಕಂಸದ ಹೊರಗಿನ ಸಾಲುಗಳನ್ನು
ಪರವೂರಿನವರಂತೆ ದೂರದಿಂದ ನೋಡುತ್ತಿದ್ದೆವು.

ನಾನು ಎಲ್ಲರಿಗಿಂತ ಹೆಚ್ಚು ನೀರು ಹಾಕಿದೆ.
ಮುಂಜಾನೆ ಒಂದು ಕೊಡ, ಊಟದ ಬಿಡುವಿನಲ್ಲಿ ಒಂದು,
ತಾಟು ತೊಳೆದ ನೀರು ಬೇರೆ.
ಜಾಣೆ ಅನ್ನಿಸಿಕೊಳ್ಳುವ ಹಾದಿ
ಬೋರಿಂಗಿನಿಂದ ಆ ಕುಣಿಯ ತನಕ ಹಸಿಯಾಗಿತ್ತು.
ಶ್ರಾವಣದಲ್ಲಿ ಲಿಂಬಿ ಹಳದಿಯಾಯಿತು.
ಮಹಾನವಮಿಗೆ ಕಡ್ಡಿ.

ಯಾರಿಗೂ ಹೇಳಲಿಲ್ಲ. ತಪ್ಪಿಗೆ ಅಲ್ಲಿ ಒಂದೇ ಬಣ್ಣ, ಕೆಂಪು.
ಸಂಜೆ ಹಳ್ಳದ ದಂಡೆಗೆ ಹೋಗಿ
ಮುಳ್ಳಿದ್ದದ್ದೊಂದು ಸಸಿ ಕಿತ್ತು ತಂದು ನೆಟ್ಟೆ,
ತಗಡನ್ನು ಅದರ ಕೊರಳಿಗೆ ಬಿಗಿದೆ.
ಮರುದಿನ ಅಕ್ಕೋರು ಸಾಲಿನುದ್ದಕ್ಕೂ ನಡೆದು ಬಂದರು.
ನನ್ನ ಗಿಡದ ಮುಂದೆ ಚಪ್ಪಲಿ ಒಂದು ಕ್ಷಣ ನಿಂತವು.
ನೀರು ಹಾಕೀಯೇನು?
ಹಾಕೀನ್ರೀ.
ಮುಂದಕ್ಕೆ ಹೋದರು.

*

ಈಗ ನವನಗರದಾಚೆ, ತೋಟಗಾರಿಕೆ ವಿಶ್ವವಿದ್ಯಾಲಯ.
ಇಲ್ಲಿ ಗಂಟೆ ಹೊಡೆಯುವುದಿಲ್ಲ.
ಜ್ವರ ಬಂದು ನಾಲ್ಕು ದಿನ ಹಾಸ್ಟೆಲಿನಲ್ಲಿ ಮಲಗಿದರೆ
ಯಾಕ ಬಂದಿಲ್ಲ ನೋಡಿ ಬಾ ಅಂತ
ಯಾವ ಹುಡುಗನನ್ನೂ ಓಡಿಸುವುದಿಲ್ಲ.
ಮೊದಲ ವಾರ ಪಡಗಾನೂರ ಸರ್
ಹಲಗೆಯ ಮೇಲೆ ಏನೂ ಬರೆಯದೆ ಕೇಳಿದರು:
ಈ ಮಣ್ಣಿನ ಬಗ್ಗೆ ಇಬ್ಬರು ಬರೆದಾರ,
ಒಬ್ಬರ ಮಾತು ಒಬ್ಬರಿಗೆ ಒಪ್ಪಿಗೆಯಿಲ್ಲ. ನಿಮ್ಮದೇನು?
ಅರವತ್ತು ಗಂಟಲು, ಒಂದೂ ತೆರೆಯಲಿಲ್ಲ.
ನಾನು ಪುಸ್ತಕದಲ್ಲಿ ಕಂಸ ಹುಡುಕಿದೆ.

ಮೂರನೇ ವರ್ಷ ನನ್ನ ಪಾಲಿಗೆ ಇಪ್ಪತ್ತು ಲಿಂಬಿ ಸಸಿ,
ಕುಂಡದಲ್ಲಿ ಎರಿಮಣ್ಣು, ದಿನಚರಿಗೊಂದು ವಹಿ.
ಹದಿಮೂರು ಸತ್ತವು.
ರಾತ್ರಿಯೆಲ್ಲ ನರ್ಸರಿಯ ಬೇಲಿ ಕಣ್ಣ ಮುಂದೆ.
ಹದಿಮೂರು ಸಸಿ ತರುವುದು ಕಷ್ಟವೇನಲ್ಲ, ಕೈಗೆ ರೂಢಿಯಿದೆ.
ಬೆಳಗ್ಗೆ ಹೋಗಿ ಸರ್ ಮುಂದೆ ನಿಂತೆ:
ಸತ್ತಾವ್ರೀ.
ಅವರು ಕನ್ನಡಕ ತೆಗೆದು ಒರೆಸಿದರು.
ಕಿತ್ತು ನೋಡಿದಿಯೇನು ಬೇರು?
ಇಲ್ರೀ.
ಮತ್ತ ಅರ್ಧಕ್ಕ ಬಿಟ್ಟು ಬಂದೀಯಲ್ಲ.

ಬೇರು ಕಂದಾಗಿತ್ತು, ಉಗುರಿಗೆ ಸಿಪ್ಪೆ ಜಾರಿ ಬರುತ್ತಿತ್ತು,
ಒಳಗೆ ಉಳಿದ ನಾರು ಇಲಿಬಾಲದಷ್ಟು.
ಬಾಯಾರಿ ಸತ್ತದ್ದಲ್ಲ, ಉಸಿರು ಸಿಗದೆ.
ಆ ಹೊಲಸು ವಾಸನೆಯ ನಡುವೆ ಕೂತು
ಐದನೇತ್ತದ ಕೊಡಗಳನ್ನು ಎಣಿಸಿದೆ.

ಅದೇ ವಾರ ಸಸ್ಯಗಳ ಕುಲದ ಪಾಠದಲ್ಲಿ ಬಂತು:
ಲಿಂಬಿ, ಬಳವಲ, ಬಿಲ್ವ ಒಂದೇ ಮನೆತನ.
ಎಲೆ ಹಿಚುಕಿ ಮೂಸಿದರೆ ಗೊತ್ತಾಗುತ್ತದೆ.

*

ಸೆಮಿಸ್ಟರ್ ರಜೆಗೆ ಬೀಳಗಿ ಬಸ್ಸಿಳಿದು ಶಾಲೆಗೆ ಹೋದೆ.
ಬಳವಲ ಮಾಳಿಗೆ ದಾಟಿ ನಿಂತಿದೆ, ಕಾಯಿ ಇನ್ನೂ ಬಿಟ್ಟಿಲ್ಲ.
ತಗಡನ್ನು ತೊಗಟೆ ಅರ್ಧ ನುಂಗಿದೆ,
ಉಳಿದದ್ದು ಇಷ್ಟು: ಗೇರಿ. ಲಿಂಬಿ.

ಅಕ್ಕೋರಿಗೆ ಇನ್ನೆರಡು ವರ್ಷ ಸೇವೆ.
ನಕ್ಕರು. ಎಲಿ ನೋಡಿದರ ತಿಳೀತದಲ್ಲೇ ಹುಚ್ಚಿ,
ಲಿಂಬಿಗೆ ಒಂಟೆಲಿ, ಇದಕ್ಕ ಕಡ್ಡಿಗೆ ಏಳು.
ಮತ್ಯಾಕ ಅವತ್ತು ಕೇಳಲಿಲ್ರೀ?
ಕೇಳಿದ್ದರ ಅಳತಿದ್ದಿ. ಗಿಡಾನ ಬ್ಯಾಡಾಗತಿತ್ತು ನಿನಗ.

ಸೆರಗಿನಿಂದ ಸೀಮೆಸುಣ್ಣದ ಕೈ ಒರೆಸಿಕೊಂಡು
ಒಂದು ಎಲೆ ಹರಿದು ನನ್ನ ಅಂಗೈಗಿಟ್ಟರು.
ಈಗ ಹೇಳು, ಆ ಮದಲಿನದು ಯಾಕ ಸತ್ತಿತು?

ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು.
ಹದಿಮೂರು ನಾಕ್ಲೆ ಎಂಬಲ್ಲಿ
ಒಂದು ದನಿ ಗುಂಪು ತಪ್ಪಿಸಿಕೊಂಡು
ಐವತ್ಮೂರು ಅಂದಿತು, ಗಟ್ಟಿಯಾಗಿ.
ಅಕ್ಕೋರು ತಿರುಗಿ ನೋಡಲಿಲ್ಲ.
ನಾನು ಇನ್ನೂ ಎಲೆ ಹಿಚುಕುತ್ತಿದ್ದೆ.