ಹದಿನೈದು ಜಾಗಾ

ನಾಕು ದಿನ ಗೋಕುಲ ರೋಡಿನ ಕಂಪನಿ, ಎರಡು ದಿನ ಕಾಲೇಜು,
ಚಿಗರಿ ಬಸ್ಸಿನ್ಯಾಗ ನಿಂತಲ್ಲೇ ನಿದ್ದಿ,
ಕೊರಳಾಗ ಎರಡು ಐಡಿ ಕಾರ್ಡಿನ ತೊಡಕು.

ಮೊದಲ ಸ್ಟೈಪೆಂಡಿನ ಚೀಟಿಯೊಳಗ
‘ನೀಲಗಂಗವ್ವ ಹುಯಿಲ’. ಅಷ್ಟಽ.
‘ಗೋಳು ಹೋತಲ್ಲ, ಬಿಡು’ ಅಂತ ನಕ್ಕರು ಹುಡುಗರು.

ಫಕ್ಕೀರಗೌಡ್ರು ನಗಲಿಲ್ಲ. ‘ನೀನಽ ಹುಡುಕು.’

ಕೊಂಬು, ಸೊನ್ನಿ, ಒತ್ತು
ಒಂದೊಂದನ್ನೂ ಬ್ಯಾರೆ ಎಣಸತದ ಮಷೀನು;
ಹದಿನೈದಕ್ಕ ಬಾಗಲಾ ಹಾಕಿತ್ತು.
ಸಾಲಿನ ಮ್ಯಾಲೆ ಬರದವರ ಹೆಸರು, ತಾರೀಕು:
ಗೌಡ್ರದಽ. ಅವರೂ ಆಗ ಅಪ್ರೆಂಟಿಸ್ಸು.

‘ನನ್ನ ಹೆಸರು ಹಿಡೀತಿತ್ತು ನೋಡು,
ಅಷ್ಟಽ ಎಣಸಿದ್ನಿ’ ಅಂದ್ರು.
ಚಾ ತಣ್ಣಗಾಗೂತನಾ ಸುಮ್ಮನಿದ್ರು.

ಅರವತ್ತು ಅಂತ ತಿದ್ದಿದೆ.
ಪರೀಕ್ಷಾದಾಗ ಇದಽ ಪ್ರಶ್ನಿ ಬಂತು, ಐದು ಮಾರ್ಕಿಂದು.
ವ್ಯಾಖ್ಯಾ ನೆನಪಾಗಲಿಲ್ಲ;
ಉದಾಹರಣಿಗೆ ನನ್ನ ಹೆಸರು ಬರದು ಬಂದೆ,
ಗೋಳದ ಸಮೇತ.