ಷರಾ

ಫಾರಮ್ಮಿನಲ್ಲಿ ಏಳು ಅಂಕಣ:
ಹಕ್ಕಿಯ ಹೆಸರು, ಸಂಖ್ಯೆ, ಕಂಡ ಹೊತ್ತು,
ಗಾಳಿಯ ದಿಕ್ಕು, ನೀರಿನ ವಿಸ್ತೀರ್ಣ, ಜಾಗದ ಒಡೆತನ,
ಕೊನೆಗೆ ಉಗುರಗಲದ ಷರಾ.

ನಾನು ಕೆರೆ ಕಡೆಯವಳು. ಶಿರಹಟ್ಟಿಯ ಆಚೆ
ನಮ್ಮೂರ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಇಳಿದರೆ
ಕಡಲೆ ಕೀಳುವ ತನಕ ಊರು ಬಿಡುತ್ತಿರಲಿಲ್ಲ.
ಶಾಲೆಯಿಂದ ಬಂದು ಎಣಿಸತೊಡಗಿದರೆ
ದೀಪ ಹಚ್ಚುವ ಹೊತ್ತಿಗೂ
ನೀರು ಇದ್ದಲ್ಲೇ ಇರುತ್ತಿತ್ತು.

ಇಲ್ಲಿ ಕುಮಟೆಯ ಕೆಳಗೆ, ಅಘನಾಶಿನಿಯ ಬಾಯಲ್ಲಿ
ನೀರೇ ವಲಸೆ ಹೋಗುತ್ತದೆ.
ಆರಕ್ಕೆ ಬರೆದದ್ದನ್ನು ಎಂಟಕ್ಕೆ ಹೊಡೆದುಹಾಕಿದೆ,
ಹತ್ತಕ್ಕೆ ಕಾಗದ ತೂತಾಯಿತು.

ಇಳಿತ. ಹೊಳೆ ತನ್ನ ಹೊಟ್ಟೆ ತೋರಿಸಿ ಮಲಗಿದೆ.
ಬಳಚು ಹೆಕ್ಕುವ ಹೆಂಗಸರೂ ಗೊರವಗಳೂ
ಒಂದೇ ಕೆಸರಿನಲ್ಲಿ ಒಂದೇ ಥರ ಬಗ್ಗಿ
ದುರ್ಬೀನಿನೊಳಗೆ ಬೆರೆತುಹೋಗುತ್ತಾರೆ.
"ನಮ್ಮನ್ನೂ ಬರ್ಕೊಳ್ಳೇ ಮಾರಾಯ್ತಿ"
ಸೊಂಟ ನೆಟ್ಟಗೆ ಮಾಡಿ ಕೂಗುತ್ತಾಳೆ ಮಾಸ್ತಿ ಅಂಬಿಗ,
"ನಾವೂ ನೀರು ಬಂದ್ರೆ ಏಳೋರೇ!"

ಬಂತು ನೀರು. ಮೊದಲು ಗೆರೆ, ಆಮೇಲೆ ನಾಲಿಗೆ.
ಹೆಂಗಸರು ಬುಟ್ಟಿ ಹೊತ್ತು ದಂಡೆ ಹತ್ತಿದರು.
ಹಕ್ಕಿಗಳು ಒಮ್ಮೆಲೇ ಎದ್ದು, ಯಾರೋ ಚಾದರ ಕೊಡವಿದಂತೆ
ಬೆಳ್ಳಗೆ, ಕಪ್ಪಗೆ, ಮತ್ತೆ ಬೆಳ್ಳಗೆ ತಿರುಗಿ
ನನ್ನ ಮುನ್ನೂರ ಹನ್ನೆರಡನ್ನು ಚೆಲ್ಲಾಪಿಲ್ಲಿ ಮಾಡಿ
ದಂಡೆ ದಾಟಿ ಗಜನಿಗೆ ಬಂದವು.

ಸಾಲಾಗಿ ಹದಿನಾಲ್ಕು ಗಜನಿ.
ಹದಿಮೂರರಲ್ಲಿ ಸಿಗಡಿ ಗುತ್ತಿಗೆ, ಎದೆಮಟ್ಟ ನೀರು.
ಅವುಗಳ ಮೇಲೆ ಹಾರಿ, ಇಣುಕಿ, ಬಿಟ್ಟು
ಎಲ್ಲವೂ ಹಮ್ಮು ಪಟಗಾರನ ಕಾವಲಿನ
ಇದೊಂದರಲ್ಲೇ ಇಳಿದವು.

ಯಾಕೆಂದು ಕೇಳಲಿಲ್ಲ.
ಅವನು ಜಂತ್ರಡಿಯ ಕಟ್ಟೆ ಮೇಲೆ ಕೂತು
ನನಗೆ ಹೆಸರು ಹೇಳಿಕೊಡುತ್ತಿದ್ದ.
ಉದ್ದ ಬಾಗಿದ ಕೊಕ್ಕಿನದು ಕೊಡೆಹಿಡಿ.
ಕೆಸರನ್ನು ಟಕಟಕ ಹೊಲಿಯುವುದು ಸೂಜಿ.
ನಾಲ್ಕು ಹೆಜ್ಜೆ ಓಡಿ, ನಿಂತು, ಹಿಂದೆ ನೋಡಿ
ಮತ್ತೆ ಓಡುವುದು ಸಾಲಗಾರ.
ಫಾರಮ್ಮಿನ ಪುಸ್ತಕದಲ್ಲಿ ಇದ್ಯಾವುದೂ ಇಲ್ಲ.
ಪೆನ್ಸಿಲಿನಲ್ಲಿ ಬರೆದುಕೊಂಡೆ.

ಆಮೇಲೆ ತನ್ನ ಕಿರುಬೆರಳೆತ್ತಿ
ಹೆಬ್ಬೆರಳಿನಿಂದ ಎರಡು ಗೆಣ್ಣು ಅಳೆದ.
"ಸೂಜಿಯ ಕಾಲು ಇಷ್ಟೇ.
ಹೊಳೆ ತುಂಬಿದಾಗ ಅದು ಎಲ್ಲಿ ನಿಲ್ಬೇಕು?"

ಬಾಗಿಲಿಗೆ ಹಲಗೆ ಒಂಬತ್ತು.
ರಾತ್ರಿಯ ಇಳಿತಕ್ಕೆ ಒಂದನ್ನು ಎತ್ತುತ್ತಾನೆ,
ಭರತದ ಮುಂಚೆ ಕೂರಿಸುತ್ತಾನೆ.
ಒಂದು ಗೇಣು ನೀರು ಕಡಿಮೆ,
ನಾಲ್ಕು ಬುಟ್ಟಿ ಸಿಗಡಿ ಕಡಿಮೆ.
ಗುತ್ತಿಗೆಯವರಿಗೆ ಲೆಕ್ಕ ತಪ್ಪುವುದು ಗೊತ್ತು,
ಎಲ್ಲಿ ಎಂದು ಗೊತ್ತಿಲ್ಲ.

"ಕಗ್ಗ ಬೆಳೀವಾಗ ಅಪ್ಪ ಕೊಯ್ಲಿಗೆ ಒಂದು ಮೂಲೆ ಬಿಡ್ತಿದ್ದ.
ಈಗ ಭತ್ತ ಇಲ್ಲ.
ನೀರಿನ ಮೂಲೆ ಬಿಡ್ತೆ."
ಬೀಡಿ ಆರಿತ್ತು. ಮತ್ತೆ ಹಚ್ಚಲಿಲ್ಲ.

ಈಗ ಉಗುರಗಲದ ಆ ಖಾಲಿ ಜಾಗ.
ನಿಜ ಬರೆದರೆ ಇವನ ಕೆಲಸ ಹೋಗುತ್ತದೆ,
ಹಲಗೆ ಕೂತುಬಿಡುತ್ತದೆ.
ಬರೆಯದಿದ್ದರೆ
ಸಾವಿರದ ನಲವತ್ತು ಹಕ್ಕಿಗಳು ಇಲ್ಲೇ ಯಾಕೆ ಇಳಿದವೆಂದು
ಮೇಲಿನವರು ಮಣ್ಣನ್ನು ಸೀಸೆಯಲ್ಲಿ ತುಂಬಿ ಧಾರವಾಡಕ್ಕೆ ಕಳಿಸುತ್ತಾರೆ,
ಉಪ್ಪು ಇಷ್ಟು, ಹುಳು ಇಷ್ಟು ಎಂದು ಉತ್ತರ ಬರುತ್ತದೆ.

ಪೆನ್ನು ತೆಗೆದು ಗುಂಡಗೆ ಬರೆದೆ:
ಬಾಗಿಲ ಹಲಗೆ ಹಳೆಯದು, ಸೋರುತ್ತದೆ.
ದುರಸ್ತಿ ಅಗತ್ಯವಿಲ್ಲ.

ಓದಿ ಹೇಳಿದೆ. ಹಮ್ಮು ಹೊಸ ಹಲಗೆಯ ಮೇಲೆ ಕೈಯಾಡಿಸಿದ.
ಹೋದ ಮಳೆಗಾಲ ಅವನೇ ಕೆತ್ತಿದ್ದು, ಹೊನ್ನೆ ಮರ,
ಒಂದು ಹನಿ ಬಿಡದು.
"ಹಳೇದು ಅಂತ ಬರೆದ್ರಾ" ಎಂದ,
ಸ್ವಲ್ಪ ಬೇಜಾರಾದವನಂತೆ.

ಸಹಿ ಹಾಕುವಷ್ಟರಲ್ಲಿ ಒಂದು ಸಾಲಗಾರ
ಕಟ್ಟೆಯ ತನಕ ಓಡಿಬಂದು ನಿಂತು
ಹಿಂದೆ ನೋಡಿತು.
ಇದನ್ನು ಎಣಿಸಿದ್ದೆನೋ ಇಲ್ಲವೋ.